ಹಾಯಿ ಬಿಚ್ಚುವ ಮೊದಲು ಕಂಬ ನಿಲ್ಲಬೇಕು

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕಿತ್ತೂರು, ಬೈಲಹೊಂಗಲದ ಸೀಮೆ ದಾಟಿ ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಬಂದು ತಂಗುತ್ತದೆ. ಅಲ್ಲಿಂದ ಬಿಟ್ಟ ನೀರು ರಾಮದುರ್ಗದ ಮಗ್ಗುಲಲ್ಲಿ ಹಾದು ಕೂಡಲಸಂಗಮದ ಕಡೆ ಹೊರಡುತ್ತದೆ. ಸುಮಾರು 37 ಟಿಎಂಸಿ ನೀರು ಹಿಡಿಯುವ ಈ ರೇಣುಕಾಸಾಗರ ಜಲಾಶಯದ ಸುತ್ತ ಗಾಳಿಗೂ ಬರವಿಲ್ಲ. ಸವದತ್ತಿ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿದರೆ ಸಾಕು. ಇಂಥ ಕಡೆ ಹಾಯಿದೋಣಿ ಆಟ ಬೆಳೆಯಬೇಕು.

ಅದಕ್ಕೆ ಕಡಲೇ ಬೇಕೆಂದಿಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಹಾಯಿ ಬಿಡುತ್ತಾರೆ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಹಾಯಿದೋಣಿ ಕ್ಲಬ್ಬಿದೆ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಮಳೆಗಾಲದ ಸ್ಪರ್ಧೆಯೇ ನಡೆಯುತ್ತದೆ. ಸಣ್ಣ ದೋಣಿಗಳನ್ನು ಟ್ರೇಲರ್ ಮೇಲೆ ಹೇರಿ ಊರಿಂದೂರಿಗೆ ಒಯ್ಯಬಹುದು. ದಾರಿಯುದ್ದಕ್ಕೂ ಹಾಯಿಕಂಬ ಮಲಗಿರುತ್ತದೆ. ದಡ ಮುಟ್ಟಿದ ಮೇಲೆ ಅದನ್ನು ಎತ್ತಿ ನಿಲ್ಲಿಸಬೇಕು. ನಿಜವಾದ ಕಸುಬು ಅಲ್ಲಿಂದಲೇ ಶುರು.

ಮಕ್ಕಳು ಕಲಿಯುವ ಆಪ್ಟಿಮಿಸ್ಟ್ ದೋಣಿಯಲ್ಲಿ ಈ ಕೆಲಸ ಸುಲಭ. 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ರೂಪಿಸಿದ ಈ ದೋಣಿಯ ಉದ್ದ ಸುಮಾರು 2.3 ಮೀಟರ್. ಅದರ ಕಂಬವನ್ನು ಅಡ್ಡಹಲಗೆಯ ತೂತಿನಲ್ಲಿ ಇಳಿಸಿ ಬುಡದ ಗುಳಿಯಲ್ಲಿ ಕೂರಿಸಿದರಾಯಿತು. ಆದರೆ ಅಷ್ಟಕ್ಕೇ ಬಿಡುವಂತಿಲ್ಲ, ಹಗ್ಗದಿಂದಲೋ ಕ್ಲಾಂಪಿನಿಂದಲೋ ಕಂಬವನ್ನು ದೋಣಿಗೆ ಬಿಗಿಯಬೇಕು. ಹಾಗೆ ಬಿಗಿಯದಿದ್ದರೆ ದೋಣಿ ಮಗುಚಿದಾಗ ಕಂಬ ಗುಳಿಯಿಂದ ಜಾರುತ್ತದೆ. ಬುಡ ತಪ್ಪಿ ಅಡ್ಡ ಒತ್ತಿದರೆ ದೋಣಿಯೇ ಸೀಳಬಹುದು.

ದೊಡ್ಡ ದೋಣಿಗಳ ಲೆಕ್ಕ ಬೇರೆ. ಎಲ್ಲಮ್ಮನ ಜಾತ್ರೆಯ ಡೇರೆಗಂಬದಂತೆ ಇಲ್ಲಿನ ಕಂಬ ನಿಲ್ಲುವುದು ಬುಡದ ಬಲದಿಂದಲ್ಲ, ಸುತ್ತಲಿನ ಎಳೆತದಿಂದ. ಎಡಕ್ಕೊಂದು, ಬಲಕ್ಕೊಂದು, ಮುಂದಕ್ಕೊಂದು ಉಕ್ಕಿನ ತಂತಿ ಇರುತ್ತದೆ. ಎತ್ತುವ ಮೊದಲು ಟ್ರೇಲರಿನ ಗಾಲಿಗಳಿಗೆ ಅಡೆಕೊಟ್ಟು, ಕಂಬದ ಬುಡವನ್ನು ಕೀಲಿಗೆ ಸಿಕ್ಕಿಸಿ, ಪಕ್ಕದ ತಂತಿಗಳನ್ನು ಸಿಕ್ಕು ಬಿಡಿಸಿ ಜೋಡಿಸಿಕೊಳ್ಳುತ್ತಾರೆ. ಒಬ್ಬರು ಹಿಂದಿನಿಂದ ಹೆಗಲು ಕೊಡುತ್ತಾರೆ, ಇನ್ನೊಬ್ಬರು ಮುಂದಿನ ತಂತಿಗೆ ಕಟ್ಟಿದ ಹಗ್ಗ ಎಳೆಯುತ್ತಾರೆ.

ಭಾರವೆಲ್ಲ ಮೊದಲ ಹಂತದಲ್ಲೇ. ಕಂಬ ಮಲಗಿರುವಾಗ ಹಗ್ಗ ಹೆಚ್ಚುಕಡಿಮೆ ಕಂಬದ ಉದ್ದಕ್ಕೇ ಎಳೆಯುತ್ತದೆ, ಮೇಲಕ್ಕೆ ಎತ್ತುವ ಬಲ ಅದರಲ್ಲಿ ತೀರ ಕಡಿಮೆ. ಅದಕ್ಕೇ ಒಂಟಿಯಾಗಿ ಎತ್ತುವವರು ಬುಡದ ಹತ್ತಿರ ಒಂದು ಗಿಡ್ಡ ಊರುಗೋಲು ನಿಲ್ಲಿಸಿ, ಹಗ್ಗವನ್ನು ಅದರ ತುದಿಯ ಮೇಲಿಂದ ಹಾಯಿಸುತ್ತಾರೆ. ಎಳೆತದ ಕೋನ ಬದಲಾಗಿ ಕಂಬ ಹಗುರಾಗಿ ಏಳುತ್ತದೆ. ಅರ್ಧ ಎದ್ದಾಗ ಪಕ್ಕಕ್ಕೆ ವಾಲುವ ಅಪಾಯವುಂಟು. ಆ ಹೊತ್ತಿನಲ್ಲಿ ಕಂಬದ ಕೆಳಗೆ ಯಾರೂ ಸುಳಿಯಬಾರದು, ಮುಂದಿನ ತಂತಿಗೆ ಪಿನ್ನು ಬೀಳುವ ತನಕ ಹಿಡಿದವರು ಕೈ ಬಿಡಬಾರದು.

ಆ ಪಿನ್ನಿಗೂ ಒಂದು ಕಾವಲು ಬೇಕು. ಪಿನ್ನು ಜಾರದಂತೆ ಅದರ ತೂತಿನಲ್ಲಿ ಸ್ಪ್ಲಿಟ್ ಪಿನ್ ತೂರಿಸಿ ಕಾಲು ಅಗಲಿಸಿ, ಮೇಲೆ ಟೇಪು ಸುತ್ತುತ್ತಾರೆ. ಇದನ್ನು ಅವಸರದಲ್ಲಿ ಮಾಡುವವರು ನೀರಿಗಿಳಿಯದಿರುವುದೇ ಒಳ್ಳೆಯದು. 2018ರ ಸೆಪ್ಟೆಂಬರಿನಲ್ಲಿ ಒಂಟಿಯಾಗಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿದ್ದ ನೌಕಾಪಡೆಯ ಅಭಿಲಾಷ್ ಟೋಮಿ ಅವರ 'ತುರೀಯ' ಹಾಯಿದೋಣಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಉರುಳಿ ಕಂಬ ಮುರಿದುಕೊಂಡಿತು, ಅವರ ಬೆನ್ನಿಗೆ ಭಾರೀ ಪೆಟ್ಟಾಯಿತು. ಕಂಬ ಬೀಳಲು ಅಲ್ಲಿ ಸಾಗರವೇ ಉಕ್ಕಬೇಕಾಯಿತು. ಕೆರೆಯಲ್ಲಿ ಒಂದು ಪಿನ್ನು ಜಾರಿದರೂ ಕಂಬ ಬೀಳುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಕರೆಂಟಿನ ತಂತಿ. ಅಲ್ಯುಮಿನಿಯಂ ಆಗಲಿ, ಕಾರ್ಬನ್ ಫೈಬರ್ ಆಗಲಿ, ಹಾಯಿಕಂಬದಲ್ಲಿ ವಿದ್ಯುತ್ ಹರಿಯುತ್ತದೆ. ರಸ್ತೆಗೆ ಅಡ್ಡ ಹಾಯುವ 11 ಕೆ.ವಿ. ತಂತಿ ನೆಲದಿಂದ ಕನಿಷ್ಠ 6.1 ಮೀಟರ್ ಮೇಲಿರಬೇಕೆಂದು ನಿಯಮ. ಹೋಬಿ 16 ಎಂಬ ಜನಪ್ರಿಯ ಜೋಡಿದೋಣಿಯ ಕಂಬವೇ ಸುಮಾರು 8 ಮೀಟರ್. ಹೊಲಗಳ ಪಂಪ್‌ಸೆಟ್ಟಿಗೆ ಎಳೆದ ತಂತಿಗಳು ಹಿನ್ನೀರಿನ ದಡದವರೆಗೂ ಬಂದಿರುವ ನಮ್ಮ ಸೀಮೆಯಲ್ಲಿ ಇದನ್ನು ಲಘುವಾಗಿ ಎಣಿಸುವಂತಿಲ್ಲ. ರೇಣುಕಾಸಾಗರಕ್ಕೆ ಹಾಯಿದೋಣಿ ತರಬೇಕೆನ್ನುವವರು ದೋಣಿ ಕೊಳ್ಳುವ ಮೊದಲು, ಮೇಲೆ ಒಂದೂ ತಂತಿಯಿಲ್ಲದ ಸಮತಟ್ಟಾದ ದಡ ಹುಡುಕಿ, ಕಂಬ ಎತ್ತಲು ಅದನ್ನು ಗುರುತು ಹಾಕಿಡಲಿ. ಅಲ್ಲಿಂದ ನೀರಿನವರೆಗೆ ಟ್ರೇಲರ್ ಸಾಗುವ ದಾರಿಯ ಮೇಲೂ ತಂತಿ ಇರಬಾರದು.