ಕದ್ದ ಆಯುಧ

ಮಳೆಗಾಲದಲ್ಲಿ ಹಿತ್ತಲಿನ ಕಲ್ಲುಗಳ ಮೇಲೆ ಬೆಳ್ಳಿಯ ಗೆರೆ ಎಳೆಯುತ್ತ ಸಾಗುವ ಬಸವನಹುಳುವನ್ನು ನಾವೆಲ್ಲರೂ ಬಲ್ಲೆವು. ಮುಟ್ಟಿದೊಡನೆ ಅದು ಚಿಪ್ಪಿನೊಳಗೆ ಅಡಗಿಬಿಡುತ್ತದೆ. ಆದರೆ ಚಿಪ್ಪೇ ಇಲ್ಲದ ಬಸವನಹುಳುವೊಂದು, ಶತ್ರುಗಳಿಂದ ತುಂಬಿದ ಕಡಲಿನಲ್ಲಿ ಬಾಳುವುದು ಹೇಗೆ? ನಾನೀಗ ಹೇಳಹೊರಟಿರುವುದು ಅಂಥ ಒಂದು ಜೀವಿಯ ವೃತ್ತಾಂತವನ್ನು.

ಅದರ ಶಾಸ್ತ್ರೀಯ ನಾಮ ಇಯೋಲಿಡಿಯ ಪ್ಯಾಪಿಲೋಸ. ಸ್ವೀಡನ್ನಿನ ಲಿನೇಯಸ್ 1761ರಲ್ಲಿಯೇ ಅದನ್ನು ಹೆಸರಿಸಿದ್ದನು. ಬ್ರಿಟನ್, ನಾರ್ವೆ ಮೊದಲಾದ ದೇಶಗಳ ಶೀತಲ ಕರಾವಳಿಯಲ್ಲಿ, ಇಳಿತದ ಹೊತ್ತಿನಲ್ಲಿ, ಬಂಡೆಗಳ ಅಡಿಯಲ್ಲಿ ಅದು ಕಾಣಸಿಗುತ್ತದೆ. ಉದ್ದ ಹೆಚ್ಚೆಂದರೆ 12 ಸೆಂಟಿಮೀಟರು. ಬೆನ್ನಿನ ಇಕ್ಕೆಲಗಳಲ್ಲಿಯೂ ಬೂದುಬಣ್ಣದ ಮೆತ್ತನೆಯ ಕುಚ್ಚುಗಳು ಒತ್ತೊತ್ತಾಗಿ ಬೆಳೆದಿರುವುದರಿಂದ, ನೆನೆದ ಕಂಬಳಿಯ ಚೂರೊಂದು ಬಿದ್ದಿರುವಂತೆ ತೋರುತ್ತದೆ.

ಅದರ ಆಹಾರ ಕಡಲಹೂ. ಹೆಸರು ಹೂವಾದರೂ ಅದೊಂದು ಪ್ರಾಣಿ. ಬಂಡೆಗೆ ಅಂಟಿಕೊಂಡು, ಬಾಯಿಯ ಸುತ್ತ ಎಸಳುಗಳಂಥ ಬಾಹುಗಳನ್ನು ಹರಡಿ ಬೇಟೆಗೆ ಕಾದಿರುತ್ತದೆ. ಆ ಬಾಹುಗಳಲ್ಲಿ ಅಸಂಖ್ಯ ಕುಟುಕುಕೋಶಗಳಿವೆ. ತಗುಲಿದೊಡನೆ ಸಿಡಿದು ವಿಷದ ನೂಲನ್ನು ಚುಚ್ಚುತ್ತವೆ. ಮೀನುಗಳೂ ಅಂಜುವ ಈ ಹೂವನ್ನು ನಮ್ಮ ಹುಳು ನಿರಾತಂಕವಾಗಿ ಮೇಯುತ್ತದೆ. ಅದರ ಮೈಯ ಲೋಳೆ ಕುಟುಕುಕೋಶಗಳು ಸಿಡಿಯದಂತೆ ತಡೆಯುತ್ತದೆ. ತಿನ್ನುವ ಹೂವಿನ ಜಾತಿ ಬದಲಾದರೆ ಲೋಳೆಯ ಗುಣವೂ ಅದಕ್ಕೆ ತಕ್ಕಂತೆ ಕ್ರಮೇಣ ಬದಲಾಗುತ್ತದೆಂದು 2004ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿದೆ.

ಇದಕ್ಕಿಂತಲೂ ಆಶ್ಚರ್ಯಕರವಾದದ್ದು ಮುಂದಿನದು. ನುಂಗಿದ ಕುಟುಕುಕೋಶಗಳೆಲ್ಲ ಜೀರ್ಣವಾಗುವುದಿಲ್ಲ. ಹುಳುವಿನ ಜೀರ್ಣಾಂಗದ ಕವಲುಗಳು ಬೆನ್ನಿನ ಒಂದೊಂದು ಕುಚ್ಚಿನೊಳಕ್ಕೂ ಹಬ್ಬಿವೆ. ಸಿಡಿಯದೆ ಉಳಿದ ಕೋಶಗಳು ಆ ದಾರಿಯಲ್ಲಿ ಸಾಗಿ, ಕುಚ್ಚಿನ ತುದಿಯ ಪುಟ್ಟ ಚೀಲದಲ್ಲಿ ಶೇಖರವಾಗುತ್ತವೆ. ಮೀನೊಂದು ಬಾಯಿ ಹಾಕಿತೋ, ಚೀಲದ ರಂಧ್ರದಿಂದ ಅವು ಹೊರಬಿದ್ದು ಸಿಡಿಯುತ್ತವೆ. ಈ ಆಯುಧಗಳನ್ನು ಇಂಥ ಹುಳುಗಳೇ ತಯಾರಿಸುತ್ತವೆಂದು ಹಿಂದೆ ಹಲವರು ಭಾವಿಸಿದ್ದರು. ಅವು ಬೇಟೆಯಿಂದ ಬಂದವೆಂಬುದನ್ನು ಗ್ರಾಸ್‌ವೆನರ್ ಎಂಬ ವಿಜ್ಞಾನಿ 1903ರಲ್ಲಿ ಸಾಧಾರವಾಗಿ ತೋರಿಸಿಕೊಟ್ಟನು.

ಹಾಗಾದರೆ ಈ ಕಳವಿಗೆ ದಂಡವೇ ಇಲ್ಲವೆ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಉತ್ತರ ದೊರೆತದ್ದು ಶಾಂತಸಾಗರದ ಕಡೆಯಿಂದ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ತನ್ನನ್ನೇ ಸೀಳಿಕೊಂಡು ಗುಂಪುಗುಂಪಾಗಿ ಹರಡುವ ಕಡಲಹೂವೊಂದಿದೆ. ಅದಕ್ಕೆ ಗಾಯವಾದರೆ ನೀರಿಗೆ ಒಂದು ರಾಸಾಯನಿಕವನ್ನು ಬಿಡುತ್ತದೆ; ನೆರೆಯ ಹೂಗಳು ಅದನ್ನರಿತು ತಟ್ಟನೆ ಮುದುಡಿಕೊಳ್ಳುತ್ತವೆ. ಹೌ ಮತ್ತು ಷೇಖ್ ಎಂಬ ವಿಜ್ಞಾನಿಗಳು 1975ರಲ್ಲಿ ಅದನ್ನು ಗುರುತಿಸಿ, ಆಂಥೋಪ್ಲೂರೀನ್ ಎಂದು ಕರೆದರು. ಈ ಹೂವನ್ನು ತಿಂದ ಹುಳುವಿನ ಮೈಯಲ್ಲಿ ಆ ವಸ್ತುವೂ ಸೇರಿಕೊಂಡು, ಕೆಲವು ದಿನಗಳವರೆಗೆ ನೀರಿಗೆ ಸೋರುತ್ತಿರುತ್ತದೆಂದು 1978ರಲ್ಲಿ ಹೌ ಮತ್ತು ಹ್ಯಾರಿಸ್ ತೋರಿಸಿದರು. ಹುಳು ಹತ್ತಿರ ಬರುವ ಮುನ್ನವೇ ಮುಂದಿನ ಹೂಗಳಿಗೆ ಸುದ್ದಿ ತಲಪಿರುತ್ತದೆ.

ಸತ್ತ ಹೂವು ತನ್ನ ಬಳಗವನ್ನು ಎಚ್ಚರಿಸಲು ಕೊಂದವನ ಮೈಯನ್ನೇ ಬಳಸಿಕೊಂಡಂತಾಯಿತು. ಹುಳುವನ್ನು ಮೀನಿನಿಂದ ಕಾಯುವುದೂ ಕದ್ದದ್ದೇ, ಅದರ ಬರವನ್ನು ಮುಂಚಿತವಾಗಿ ಸಾರುವುದೂ ಕದ್ದದ್ದೇ. ಆದರೂ ಹುಳು ಉಪವಾಸ ಬಿದ್ದಿಲ್ಲ, ಹೂಗಳೂ ಅಳಿದಿಲ್ಲ. ಆ ತಣ್ಣೀರಿನ ಬಂಡೆಗಳ ಮೇಲೆ ಎರಡೂ ಇಂದಿಗೂ ಬಾಳುತ್ತಿವೆ.