ಗೋಕಾಕ: ಎರಡು ನದಿ, ಎರಡು ದಿನ

ಗೋಕಾಕಕ್ಕೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಇಲ್ಲಿ ಇರುವುದು ಒಂದೆರಡು ತಾಸು. ತೂಗು ಸೇತುವೆಯ ಮೇಲೆ ಫೋಟೊ, ಕುದಿಸಿದ ಶೇಂಗಾದ ಒಂದು ಪೊಟ್ಟಣ, ಮನೆಗೊಂದು ಡಬ್ಬಿ ಕರದಂಟು. ಅಷ್ಟಾದರೆ ಕಾರು ಮತ್ತೆ ಬೆಳಗಾವಿಯ ದಾರಿ ಹಿಡಿಯುತ್ತದೆ. ಇಷ್ಟು ಅವಸರದಲ್ಲಿ ನೋಡಿ ಮುಗಿಸುವ ಸೀಮೆಯಲ್ಲ ಇದು. ಶನಿವಾರ ಬೆಳಿಗ್ಗೆ ಬಂದು ಭಾನುವಾರ ಸಂಜೆಯವರೆಗೆ ಇರಿ, ಕಾಲಿಗೆ ಗಟ್ಟಿ ಬೂಟು ಹಾಕಿಕೊಂಡು ಬನ್ನಿ ಎಂಬುದು ನನ್ನ ಒತ್ತಾಯ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು ಕೂಡುವ ಈ ಭಾಗ ತನ್ನನ್ನು ತೆರೆದು ತೋರಿಸುವುದು ನಡೆಯುವವರಿಗೆ.

ಮಡಿಕೇರಿಯನ್ನೋ ಚಿಕ್ಕಮಗಳೂರನ್ನೋ ಮನಸ್ಸಿನಲ್ಲಿಟ್ಟುಕೊಂಡು ಬರಬಾರದು. ಇಲ್ಲಿ ಮಂಜಿಲ್ಲ, ಕಾಫಿ ತೋಟವಿಲ್ಲ. ಕೆಂಪು ಛಾಯೆಯ ಬೋಳು ಗುಡ್ಡಗಳು, ಅವುಗಳ ಮೇಲೆ ಕಳ್ಳಿ, ಜಾಲಿ, ಬಾರಿಯ ಕಂಟಿ. ಕೆಳಗೆ ಕಣ್ಣಳತೆಯುದ್ದಕ್ಕೂ ಕಬ್ಬು. ಗುಡ್ಡದ ಕಲ್ಲು ಕಲಾದಗಿ ಶಿಲಾಸಮೂಹಕ್ಕೆ ಸೇರಿದ ಮರಳುಗಲ್ಲು, ಬೆಣಚುಕಲ್ಲು. ನೂರು ಕೋಟಿ ವರ್ಷಕ್ಕೂ ಹಳೆಯದು. ನಡೆಯುವಾಗ ಒಮ್ಮೆ ಬಗ್ಗಿ ಚಪ್ಪಡಿಗಳನ್ನು ನೋಡಬೇಕು. ಕೆಲವುಗಳ ಮೇಲೆ ಒಂದರ ಹಿಂದೊಂದು ಸಣ್ಣ ಅಲೆಗಳ ಗುರುತಿದೆ. ಇಲ್ಲಿ ಆಳವಿಲ್ಲದ ಸಮುದ್ರವಿದ್ದ ಕಾಲದಲ್ಲಿ ತಳದ ಮರಳಿನ ಮೇಲೆ ನೀರು ಮೂಡಿಸಿದ ಗೆರೆಗಳು ಅವು. ಬೆರಳಾಡಿಸಿದರೆ ಏರಿಳಿತ ಇಂದಿಗೂ ಕೈಗೆ ಸಿಗುತ್ತದೆ.

ಆ ಗಟ್ಟಿ ಕಲ್ಲನ್ನು ಕೊರೆದು ಕೊಳ್ಳ ಮಾಡಿಕೊಂಡ ನದಿಗಳು ಎರಡು, ಘಟಪ್ರಭೆ ಮತ್ತು ಅದರ ಉಪನದಿ ಮಾರ್ಕಂಡೇಯ. ಊರಿನಿಂದ ಆರೇಳು ಕಿಲೊಮೀಟರ್ ದೂರದಲ್ಲಿ ಘಟಪ್ರಭೆ ಕುದುರೆಲಾಳದ ಆಕಾರದ ಬಂಡೆಯಂಚಿನಿಂದ 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಧಬಧಬೆಯ ಅಗಲ 177 ಮೀಟರ್. ನೀರಿನ ಬಣ್ಣ ಕೆಮ್ಮಣ್ಣಿನದು. ಧಬಧಬೆಯ ನೆತ್ತಿಯಲ್ಲಿ ನದಿಗೆ ಅಡ್ಡವಾಗಿ ಬ್ರಿಟಿಷರ ಕಾಲದ ತೂಗು ಸೇತುವೆ. ಬಂಡೆಯಿಂದ 14 ಮೀಟರ್ ಎತ್ತರದಲ್ಲಿ, 201 ಮೀಟರ್ ಉದ್ದಕ್ಕೂ ತೂಗುತ್ತದೆ. ನಾಲ್ಕು ಜನ ಒಟ್ಟಿಗೆ ಹೆಜ್ಜೆ ಹಾಕಿದರೆ ಕಾಲಡಿ ಅಲುಗುವುದು ಗೊತ್ತಾಗುತ್ತದೆ. ನೀರು ಏರಿದಾಗ ಇದರ ಮೇಲೆ ಬಿಡುವುದಿಲ್ಲ, ಬಿಡಲೂಬಾರದು.

ಧಬಧಬೆಯ ಪಕ್ಕದಲ್ಲೇ ಗೋಕಾಕ ಮಿಲ್ಲು. 1885ರಲ್ಲಿ ಕಂಪನಿ ಹುಟ್ಟಿತು, 1887ರಲ್ಲಿ ನೂಲು ತೆಗೆಯಲು ಶುರುವಾಯಿತು. ಕಲ್ಲಿದ್ದಲು ಸಿಗದ ಈ ಮೂಲೆಗೆ ಗಿರಣಿ ಬಂದದ್ದೇ ಬೀಳುವ ನೀರಿನ ಬಲವನ್ನು ನಂಬಿ. ವಿದ್ಯುದಾಗಾರ ಕೊಳ್ಳದ ತಳದಲ್ಲಿದೆ. ಹತ್ತಿಯ ಸೀಮೆಯಲ್ಲಿ ಹೀಗೆ ಒಂದು ಕಾರ್ಮಿಕರ ಊರೇ ಬೆಳೆಯಿತು. ಗಿರಣಿಗಿಂತ ಶತಮಾನಗಳಷ್ಟು ಹಿಂದಿನ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿಯೂ ನದಿಯ ದಂಡೆಯ ಮೇಲಿದೆ. ಅದಕ್ಕೂ ಹಳೆಯವು ಕೊಣ್ಣೂರಿನ ಹತ್ತಿರ ಗುಡ್ಡದ ಬುಡದಲ್ಲಿರುವ ಚಪ್ಪಡಿಕಲ್ಲಿನ ಗೋರಿಕೋಣೆಗಳು. ಇವನ್ನು ಕಟ್ಟಿದವರು ಪಾಂಡವರು ಎಂದು ಜನ ನಂಬಿಕೊಂಡು ಬಂದಿದ್ದಾರೆ. ಆದರೆ ನಿಜವಾಗಿ ಕಟ್ಟಿದವರು ಬೃಹತ್ ಶಿಲಾಯುಗದ ಜನ. ಸೇತುವೆಯ ಮೇಲೆ ನೂಕುನುಗ್ಗಲು ಇದ್ದ ದಿನವೂ ಆ ಕಡೆ ಹೋಗುವವರು ವಿರಳ.

ನನ್ನ ಲೆಕ್ಕದಲ್ಲಿ ಶನಿವಾರದ ಮಧ್ಯಾಹ್ನವಿಡೀ ಮಾರ್ಕಂಡೇಯ ನದಿಗೆ ಸೇರಬೇಕು. ಗೋಕಾಕದಿಂದ ಹದಿನೈದು ಕಿಲೊಮೀಟರಿನಷ್ಟು ದೂರದ ಗೊಡಚಿನಮಲ್ಕಿಯಲ್ಲಿ ಈ ನದಿ ಎರಡು ಹಂತಗಳಲ್ಲಿ ಜಿಗಿಯುತ್ತದೆ. ಮೊದಲನೆಯ ಜಿಗಿತ ಸುಮಾರು 25 ಮೀಟರ್. ಆಮೇಲೆ ಕಲ್ಲಿನ ಕೊಳ್ಳದೊಳಗೆ ಸ್ವಲ್ಪ ದೂರ ಹರಿದು ಮತ್ತೆ ಕೆಳಗಿಳಿಯುತ್ತದೆ. ಹಳ್ಳಿಯಿಂದ ಧಬಧಬೆಗೆ ಎರಡೂವರೆ ಕಿಲೊಮೀಟರ್. ವಾಹನವೂ ಹೋಗುತ್ತದೆ, ಆದರೆ ನಡೆದು ಹೋಗಬೇಕು. ಕಂಟಿಗಳ ನಡುವೆ ದಾರಿ ತಿರುಗುತ್ತ ಸಾಗಿದಂತೆ ಮೊದಲು ಸದ್ದು ಕೇಳುತ್ತದೆ, ನೀರು ಕಾಣುವುದು ತಡವಾಗಿ. ಗೋಕಾಕ ಧಬಧಬೆಯನ್ನು ದಂಡೆಯ ಮೇಲೆ ನಿಂತು ನೋಡಬೇಕು; ಇಲ್ಲಿ ಬಂಡೆಯಿಂದ ಬಂಡೆಗೆ ದಾಟುತ್ತ, ಕೈ ಊರಿ ಏರುತ್ತ ನದಿಯ ಜೊತೆಗೇ ಇರಬಹುದು. ಮಕ್ಕಳಿಗೆ ಕಲ್ಲು ಹತ್ತುವ ಮೊದಲ ಪಾಠ ಕಲಿಸಲು ಬೆಳಗಾವಿ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಗೋಕಾಕದ ಕಡೆಯ ಯೋಗಿಕೊಳ್ಳವೂ ಇದೇ ಗುಡ್ಡಸಾಲಿನದು: ಕಡಿದಾದ ಕಮರಿ, ಗುಹೆ, ಗುಡಿ, ನೆರಳು.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. "ನೀರ ಬಂದಾವ್ರೀ, ಕೆಳಗ ಇಳೀಬ್ಯಾಡ್ರೀ" ಎಂದು ದನ ಕಾಯುವ ಹುಡುಗ ಕೂಗಿದರೂ ಸರಿಯೇ, ಅಲ್ಲಿಂದಲೇ ಹಿಂತಿರುಗಬೇಕು. ಮೇಲೆ ಎಲ್ಲೋ ಸುರಿದ ಮಳೆ ಅಥವಾ ಅಣೆಕಟ್ಟೆಯಿಂದ ಬಿಟ್ಟ ನೀರು ಕೊಳ್ಳಕ್ಕೆ ತಟ್ಟನೆ ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ಈ ನದಿಗಳು ಗೋಕಾಕ ಪಟ್ಟಣದೊಳಕ್ಕೇ ಬಂದಿದ್ದವು. ಲೋಳಸೂರ ಸೇತುವೆ ಮುಳುಗಿತು, ಮನೆ ಬಿಟ್ಟ ಕುಟುಂಬಗಳು ಪರಿಹಾರ ಕೇಂದ್ರ ಸೇರಿದವು. ಧಬಧಬೆಯ ಅಂಚಿನಲ್ಲಿ ಸೆಲ್ಫಿ ತೆಗೆಯಲು ಹೋಗಿ ಜಾರಿ ಬಿದ್ದ ಸುದ್ದಿಗಳನ್ನೂ ಓದುತ್ತಲೇ ಇದ್ದೇವೆ. ಜುಲೈ, ಆಗಸ್ಟ್ ತಿಂಗಳಲ್ಲಿ ದೂರದಿಂದ ನೋಡಿ ಕಣ್ಣು ತುಂಬಿಸಿಕೊಳ್ಳಬೇಕು. ಕೊಳ್ಳಕ್ಕೆ ಇಳಿಯಲು ಮಳೆ ಹಿಂದೆ ಸರಿದ ಅಕ್ಟೋಬರ್, ನವೆಂಬರ್ ಒಳ್ಳೆಯದು. ಆಗ ನೀರೂ ಇರುತ್ತದೆ, ಕಲ್ಲೂ ಒಣಗಿರುತ್ತದೆ. ಬಂಡೆಗಳ ನಡುವೆ ಒಡೆದ ಬಾಟಲಿ ಚೂರುಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬರಿಗಾಲಲ್ಲಿ ಆಡು ಮೇಯಿಸುವವರು ಓಡಾಡುವ ಜಾಗ ಅದು.

ದಣಿದು ಊರಿಗೆ ಮರಳಿದ ಮೇಲೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಆಮೇಲೆ ಕರದಂಟು. ಅಂಟನ್ನು ತುಪ್ಪದಲ್ಲಿ ಕರಿದಾಗ ಗಾಜಿನಂಥ ಹರಳು ಅರಳಿ ಬೆಳ್ಳಗಾಗುತ್ತದೆ. ಅದಕ್ಕೆ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಗಸಗಸೆ ಕೂಡಿಸಿ ಬೆಲ್ಲದ ಪಾಕಕ್ಕೆ ಸುರಿಯುತ್ತಾರೆ. ಪಾಕ ಒಂದಿಷ್ಟು ಏರಿದರೆ ಹಲ್ಲಿಗೆ ಬಗ್ಗದು, ಇಳಿದರೆ ಕೈಗೆ ಅಂಟುತ್ತದೆ. ಬಾಣಂತಿಯರಿಗೆ, ಗರಡಿಯಾಳುಗಳಿಗೆ ಬಲ ಕೊಡುವ ತಿನಿಸೆಂದು ಹೆಸರಾದ ಇದು ಗುಡ್ಡ ಹತ್ತಿಳಿದವರಿಗೂ ಅಷ್ಟೇ ಹಿತ. ಪೇಟೆಯಲ್ಲಿ ಸಿಕ್ಕರೆ ಇಲ್ಲಿಯ ಕಟ್ಟಿಗೆಯ ಹಣ್ಣು, ಕಾಯಿಪಲ್ಲೆಗಳನ್ನೂ ಕೊಳ್ಳಿ. ಬಣ್ಣ ಹಚ್ಚಿದ ಆ ಬಾಳೆಹಣ್ಣನ್ನು ಮಗು ನಿಜವೆಂದೇ ಬಾಯಿಗಿಡುತ್ತದೆ. ಮಾಡುವ ಕೈಗಳು ಕಡಿಮೆಯಾಗುತ್ತಿರುವ ಕಸುಬು ಅದು. ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟಕ್ಕೆ ಹೆಸರು ತಂದ ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಇದೇ ಸೀಮೆಯವರು. ಸುತ್ತಲಿನ ಹಳ್ಳಿಯಲ್ಲಿ ಜಾತ್ರೆಯ ಆಟವಿದ್ದರೆ ರಾತ್ರಿಯ ನಿದ್ದೆ ಬಿಡಲು ಅಡ್ಡಿಯಿಲ್ಲ.

ಭಾನುವಾರ ಬೆಳಿಗ್ಗೆ ಬೇಗ ಧೂಪದಾಳಕ್ಕೆ ಹೋಗಬೇಕು. 1897ರಲ್ಲಿ ಇಲ್ಲಿ ಘಟಪ್ರಭೆಗೆ ಕಟ್ಟಿದ ಒಡ್ಡಿನ ಹಿಂದೆ ನಿಂತ ನೀರು, ಕೆಸರು, ನಡುಗಡ್ಡೆಗಳು ಹಕ್ಕಿಗಳ ತಾಣವಾಗಿವೆ. 1974ರಲ್ಲಿ ಘಟಪ್ರಭಾ ಪಕ್ಷಿಧಾಮವೆಂದು ಘೋಷಣೆಯಾದ ಪ್ರದೇಶದ ವಿಸ್ತಾರ 29.78 ಚದರ ಕಿಲೊಮೀಟರ್. ನವೆಂಬರಿನಿಂದ ಮಾರ್ಚ್‌ವರೆಗೆ ಉತ್ತರದ ದೇಶಗಳಿಂದ ಕೊಕ್ಕರೆ, ಕ್ರೌಂಚಗಳು ಬರುತ್ತವೆ. ದುರ್ಬೀನು ಮರೆಯಬೇಡಿ, ಬಿಸಿಲೇರುವ ಮೊದಲೇ ಅಲ್ಲಿರಿ. ಅಲ್ಲಿಂದ ಅರಭಾವಿ ಹತ್ತಿರ. ದುರದುಂಡೇಶ್ವರ ಮಠ ನೋಡಿ, ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕಾ ಮಹಾವಿದ್ಯಾಲಯದ ಹಸಿರಿನ ಪಕ್ಕ ಹಾಯ್ದು ಬರಬಹುದು. ಹಿಂದಿನ ದಿನ ಬೋಳು ಗುಡ್ಡ ತುಳಿದ ಕಾಲಿಗೆ ಕಾಲುವೆಯ ನೀರು ಏನು ಮಾಡಬಲ್ಲದು ಎಂಬುದು ಈ ದಾರಿಯಲ್ಲಿ ತಿಳಿಯುತ್ತದೆ.

ಇನ್ನೂ ಉಸಿರಿದ್ದವರಿಗೆ ಹುಕ್ಕೇರಿ ತಾಲ್ಲೂಕಿನಲ್ಲಿ ಹಿಡಕಲ್ ಜಲಾಶಯವಿದೆ, ಸಂಕೇಶ್ವರದ ಹತ್ತಿರ ವಲ್ಲಭಗಡದ ಕೋಟೆಯಿದೆ. ಎರಡನ್ನೂ ಒಂದೇ ಮಧ್ಯಾಹ್ನಕ್ಕೆ ತುರುಕಬೇಡಿ. ಕೋಟೆ ಹತ್ತುವುದನ್ನೇ ಆರಿಸಿಕೊಳ್ಳಿ.

ಬೆಳಗಾವಿಯಿಂದ ಗೋಕಾಕಕ್ಕೆ ಸುಮಾರು 70 ಕಿಲೊಮೀಟರ್, ಬಸ್ಸುಗಳಿಗೆ ಕೊರತೆಯಿಲ್ಲ. ರೈಲಿನಲ್ಲಿ ಬರುವವರು ಮೀರಜ್ ಮಾರ್ಗದ ಗೋಕಾಕ ರೋಡ್ ಅಥವಾ ಘಟಪ್ರಭಾ ನಿಲ್ದಾಣದಲ್ಲಿ ಇಳಿಯಬೇಕು. ಗೊಡಚಿನಮಲ್ಕಿಗೆ ಸ್ವಂತ ವಾಹನ ಇಲ್ಲವೇ ಬಾಡಿಗೆ ರಿಕ್ಷಾ ಅನುಕೂಲ. ನೀರು, ಬುತ್ತಿ ಊರಿನಿಂದಲೇ ಕಟ್ಟಿಕೊಳ್ಳಿ. ಹಳ್ಳಿಯವರೊಬ್ಬರನ್ನು ದಾರಿ ತೋರಿಸಲು ಕರೆದುಕೊಂಡು ಅವರ ದಿನದ ಕೂಲಿ ಕೊಡಿ.