ಗಿಡಕ್ಕೆ ಬೆಳಕಿನ ದಿಕ್ಕು ತಿಳಿಯುವುದು ಹೇಗೆ?

ಬೋಧನಾಭ್ಯಾಸದಲ್ಲಿ ಹತ್ತನೇ ತರಗತಿಗೆ ದ್ಯುತಿ ಅನುವರ್ತನೆಯ ಪಾಠ ಮಾಡುತ್ತಿದ್ದೆ. ಕಾಂಡ ಬೆಳಕಿನತ್ತ ಏಕೆ ಬಾಗುತ್ತದೆ ಎಂದು ಕೇಳಿದಾಗ, ‘ಗಿಡಕ್ಕೆ ಬೆಳಕು ಬೇಕಲ್ಲ ಮಿಸ್’ ಎಂದ ಒಬ್ಬ ಹುಡುಗ. ‘ಸರಿ’ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಆಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: ‘ಕಣ್ಣಿಲ್ಲದ ಗಿಡಕ್ಕೆ ಕಿಟಕಿ ಯಾವ ಕಡೆ ಇದೆ ಅಂತ ಹೇಗೆ ಗೊತ್ತಾಗುತ್ತೆ?’ ನನ್ನ ಪಾಠಯೋಜನೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ‘ಬೇಕು’ ಎಂಬುದು ಬಾಗುವುದರ ಪ್ರಯೋಜನವನ್ನು ಹೇಳುತ್ತದೆ, ಬಾಗುವ ಬಗೆಯನ್ನಲ್ಲ. ಅದನ್ನು ಪೂರ್ಣ ಉತ್ತರವೆಂದು ಒಪ್ಪಿಕೊಂಡದ್ದು ನನ್ನ ತಪ್ಪು.

ಈ ಪ್ರಶ್ನೆಯನ್ನು ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಗಳ ಮೇಲೆ ಪರೀಕ್ಷಿಸಿ, 1880ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತುದಿಗೆ ಬೆಳಕು ತೂರದ ಟೋಪಿ ತೊಡಿಸಿದಾಗ ಮೊಳಕೆ ಬಾಗಲಿಲ್ಲ. ಕೆಳಭಾಗವನ್ನಷ್ಟೇ ಮುಚ್ಚಿದಾಗ ಬಾಗಿತು. ಅಂದರೆ ಬೆಳಕನ್ನು ಗ್ರಹಿಸುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ.

ಗ್ರಹಿಸುವ ಕೆಲಸ ಫೋಟೊಟ್ರೋಪಿನ್ ಎಂಬ ಪ್ರೋಟೀನಿನದು. ಇದು ಮುಖ್ಯವಾಗಿ 400ರಿಂದ 500 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕನ್ನು ಹೀರಿಕೊಂಡು ಸಕ್ರಿಯವಾಗುತ್ತದೆ. ಒಂದು ಬದಿಯಿಂದ ಬಿದ್ದ ಬೆಳಕು ಮೊಳಕೆಯನ್ನು ದಾಟುವಷ್ಟರಲ್ಲಿ ಕ್ಷೀಣಿಸುವುದರಿಂದ, ಕಿಟಕಿಯ ಬದಿಯಲ್ಲಿ ಹೆಚ್ಚು, ನೆರಳಿನ ಬದಿಯಲ್ಲಿ ಕಡಿಮೆ ಫೋಟೊಟ್ರೋಪಿನ್ ಸಕ್ರಿಯವಾಗುತ್ತದೆ. ಈ ವ್ಯತ್ಯಾಸವೇ ಗಿಡಕ್ಕೆ ದಿಕ್ಕಿನ ಸೂಚನೆ. ಆಗ ಆಕ್ಸಿನ್ ಹಾರ್ಮೋನು ನೆರಳಿನ ಬದಿಗೆ ಸರಿಯುತ್ತದೆ. ಅಲ್ಲಿನ ಕೋಶಗಳು ಹೆಚ್ಚು ಉದ್ದವಾಗಿ, ಕಾಂಡ ಬೆಳಕಿನತ್ತ ವಾಲುತ್ತದೆ.

ದ್ಯುತಿಸಂಶ್ಲೇಷಣೆಗೆ ಕೆಂಪು ಬೆಳಕೂ ಚೆನ್ನಾಗಿ ಒದಗುತ್ತದೆ. ಆದರೂ ಮೊಳಕೆ ಸಾಮಾನ್ಯವಾಗಿ ಅದರತ್ತ ಬಾಗುವುದಿಲ್ಲ. ‘ಬೇಕು’ ಎಂಬ ಉತ್ತರ ಸಾಲದು ಎಂಬುದಕ್ಕೆ ಇದೇ ಸಾಕ್ಷಿ.

ಮುಂದಿನ ವಾರ ಇದನ್ನು ತರಗತಿಯಲ್ಲೇ ಮಾಡಿದೆವು. ಕತ್ತಲಲ್ಲಿ ಮೊಳೆಸಿದ ಗೋಧಿಯನ್ನು ಎರಡು ರಟ್ಟಿನ ಪೆಟ್ಟಿಗೆಗಳಲ್ಲಿಟ್ಟು, ಒಂದೊಂದು ಬದಿಯಲ್ಲಿ ಕಿಂಡಿ ಕೊರೆದು, ಒಂದಕ್ಕೆ ನೀಲಿ, ಇನ್ನೊಂದಕ್ಕೆ ಕೆಂಪು ಜಿಲೆಟಿನ್ ಹಾಳೆ ಅಂಟಿಸಿದೆವು. ಮರುದಿನ ನೋಡಿದರೆ ಕೆಂಪು ಪೆಟ್ಟಿಗೆಯ ಸಸಿಗಳೂ ಸ್ವಲ್ಪ ಬಾಗಿದ್ದವು! ಹಾಳೆ ತೆಳುವಾಗಿದ್ದು ನೀಲಿ ಬೆಳಕು ಸೋರಿರಬಹುದೆಂದು ಹೊಸ ಸಸಿಗಳಿಗೆ ಮೂರು ಪದರ ಅಂಟಿಸಿದೆವು. ಈ ಸಲ ನೀಲಿ ಪೆಟ್ಟಿಗೆಯವು ಕಿಂಡಿಯತ್ತ ಬಾಗಿದವು, ಕೆಂಪಿನವು ನೆಟ್ಟಗೇ ನಿಂತವು. ಈ ಚಟುವಟಿಕೆ ಮಾಡಿಸುವವರು ನೀಲಿ ಎಲ್‌ಇಡಿ ದೀಪವನ್ನು ಕೆಂಪು ಹಾಳೆಯ ಮೂಲಕ ಮೊದಲೇ ನೋಡಿಕೊಳ್ಳಿ. ಬೆಳಕು ಕಂಡರೆ ಇನ್ನೊಂದು ಪದರ ಸೇರಿಸಿ.

ಈಗ ನನ್ನ ಪಾಠಯೋಜನೆಯಲ್ಲಿ ‘ಏಕೆ ಬಾಗುತ್ತದೆ?’ ಎಂಬುದರ ಕೆಳಗೆ ಇನ್ನೊಂದು ಪ್ರಶ್ನೆಯಿದೆ: ‘ಹೇಗೆ ಗೊತ್ತಾಗುತ್ತದೆ?’ ಅದು ಆ ಹುಡುಗಿಯ ಪ್ರಶ್ನೆ.